ಬೀಳುವವನ ಮುಖ

ಅಥವಾ ನಾನು ಬಿದ್ದದ್ದು ಎತ್ತಿನ ಗಾಡಿಯಿಂದಲೇ ಅಲ್ಲವೋ ಏನೋ. ಟ್ರ್ಯಾಕ್ಟರಿನ ಟ್ರಾಲಿ ಇದ್ದಿರಬಹುದು. ಇಷ್ಟು ವರ್ಷ ಗಾಡಿ ಎಂದೇ ಹೇಳಿಕೊಂಡು ಬಂದಿದ್ದೇನೆ. ನಾಟಕದ ತಂಡದ ಬಸ್ಸಿನಲ್ಲಿ, ಟಿ.ವಿ.ಯವರು ಮೈಕು ಹಿಡಿದಾಗ, ಮನೆಗೆ ಬಂದ ಬೀಗರ ಮುಂದೆ. ಹೇಳಿ ಹೇಳಿ ಆ ಗಾಡಿಗೆ ಬಿಳಿ ಎತ್ತುಗಳು ಹುಟ್ಟಿಕೊಂಡಿವೆ. ಈಗ ಅವುಗಳನ್ನು ಬಿಚ್ಚಿ ಕಳಿಸುವುದು ಕಷ್ಟ.

ನಾಸಿಕದ ಹೊರಗೆ, ದ್ರಾಕ್ಷಿ ತೋಟಗಳ ನಡುವಿನ ರಸ್ತೆ ಎಂಬುದು ಮಾತ್ರ ಸರಿಯಿರಬೇಕು. ಯಾಕೆಂದರೆ ನಾನು ಬಿದ್ದದ್ದು ದ್ರಾಕ್ಷಿ ತುಂಬುವ ರಟ್ಟಿನ ಡಬ್ಬಗಳ ಮೇಲೆ. ಆ ಡಬ್ಬಗಳಿಗೆ ಹಣ್ಣಿಗೆ ಗಾಳಿಯಾಡಲೆಂದು ಪಕ್ಕದಲ್ಲಿ ತೂತುಗಳಿರುತ್ತವೆ. ಮೈ ಬಿದ್ದಾಗ ಒಳಗಿನ ಗಾಳಿ ಅಲ್ಲಿಂದ ಹೊರಟುಹೋಗಿ ಡಬ್ಬ ಮೆಲ್ಲಗೆ ಕುಸಿಯುತ್ತದೆ. ಬೇರೆ ಊರಿನ ಡಬ್ಬಗಳಾದರೆ ಪ್ರತಿಯೊಂದರ ಮೂಲೆಯನ್ನೂ ಕತ್ತರಿಸಬೇಕು, ಇಲ್ಲದಿದ್ದರೆ ಅವು ಕಲ್ಲಿನ ಹಾಗೆ ಎದುರು ನಿಲ್ಲುತ್ತವೆ. ಸಿನಿಮಾದಲ್ಲಿ ಬಿದ್ದು ಹೊಡೆದಾಡುವ ನಾಸಿಕದ ಫೈಟರ್‌ಗಳು ಅಷ್ಟರ ಮಟ್ಟಿಗೆ ಪುಣ್ಯವಂತರು.

ಆಗ ನನ್ನ ಕೆಲಸ ಬೀಳುವುದು. ಸಿನಿಮಾದಲ್ಲಿ ದೊಡ್ಡ ನಟ ಮಾಳಿಗೆಯ ಅಂಚಿಗೆ ಬಂದು ನಿಲ್ಲುತ್ತಾನೆ, ಅದು ಅವನ ಮುಖ. ಕೊನೆಗೆ ಧೂಳು ಕೊಡವಿಕೊಂಡು ಏಳುತ್ತಾನೆ, ಅದೂ ಅವನ ಮುಖ. ನಡುವೆ ಬೀಳುವ ಮೈ ನನ್ನದು. ಇದಕ್ಕೆ ಡೂಪ್ ಎನ್ನುತ್ತಾರೆ. ನನ್ನ ಅಪ್ಪ ಭಾಲ್ಕಿಯ ಕಡೆಯಿಂದ ಬಂದು ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮೇಲೆ ಹಾರುವುದನ್ನು ತಯಾರಿಸುವವರ ಕಾಲೊನಿಯಲ್ಲಿ, ಮಗ ಕೆಳಗೆ ಬೀಳುವುದನ್ನು ಕಸುಬು ಮಾಡಿಕೊಂಡಿದ್ದಾನೆಂದು ಅವರು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ‘ಸಿನಿಮಾ ಲೈನ್‌ನಾಗ ಇದ್ದಾನ್ರಿ’ ಎಂದು ಮುಗಿಸುತ್ತಿದ್ದರು.

ನಮಗೆ ಬೀಳುವುದನ್ನು ಕಲಿಸಿದ ಫೈಟ್ ಮಾಸ್ಟರ್ ನಾಸಿಕದ ಪಂಚವಟಿಯ ಒಂದು ಹಳೆಯ ಗರಡಿಯಲ್ಲಿ ಬೆಳಿಗ್ಗೆ ಪಾಠ ಮಾಡುತ್ತಿದ್ದರು. ಬೀಳಲು ಎರಡು ವಾರದಲ್ಲಿ ಬರುತ್ತದೆ. ಅಸಲಿ ಪಾಠ ಮುಖ ಬಚ್ಚಿಡುವುದು. ಕಾಲು ನೆಲ ಬಿಟ್ಟ ಕೂಡಲೇ ಗದ್ದವನ್ನು ಕ್ಯಾಮೆರಾದಿಂದ ದೂರವಾದ ಭುಜದೊಳಗೆ ಹುಗಿಯಬೇಕು, ಹತ್ತಿರದ ತೋಳು ಕಣ್ಣಿನ ಮಟ್ಟಕ್ಕೆ ಬರಬೇಕು. ನೋಡುವವರಿಗೆ ಗಾಬರಿಯಿಂದ ಕೈ ಬೀಸಿದಂತಿರಬೇಕು, ಆದರೆ ಆ ಕೈ ಪರದೆಯಾಗಿರಬೇಕು. ಮಾಸ್ಟರ್ ಕ್ಯಾಮೆರಾ ಇರುವ ಜಾಗದಲ್ಲಿ ಒದ್ದೆ ಟವೆಲ್ ಹಿಡಿದು ನಿಲ್ಲುತ್ತಿದ್ದರು. ಮುಖದ ಒಂದು ಚೂರು ಕಂಡರೂ ಟವೆಲ್ ರಪ್ಪೆಂದು ಬಂದು ಬಡಿಯುತ್ತಿತ್ತು. ನನ್ನ ಕೆನ್ನೆ ಯಾವಾಗಲೂ ಒದ್ದೆ.

ನನ್ನ ಜೊತೆಗೆ ಕಲಿಯುತ್ತಿದ್ದ ಗೆಳೆಯನ ಕೆನ್ನೆ ಒಣಗಿರುತ್ತಿತ್ತು. ಅವನ ಮನೆಯವರು ಕಲಬುರ್ಗಿ ಕಡೆಯಿಂದ ಬಂದು ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಊರಿನಲ್ಲಿ ಪಾತ್ರೆ ಅಂಗಡಿ ಇಟ್ಟವರು. ಗರಡಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನಾನು ಟವೆಲ್ ತಿಂದಾಗಲೆಲ್ಲ ಅವನು ಮಣ್ಣಿನಲ್ಲಿ ಕೂತು ಹೇಳುತ್ತಿದ್ದ, “ಲೇ, ನಿನ್ನ ಮಾರಿ ಏನ್ ಲಗ್ನಪತ್ರಿಕಾ ಏನ್, ಎಲ್ಲಾರಿಗಿ ತೋರಸ್ಲಾಕ?”

“ನಿನ್ನಂಗ ಮುಚ್ಚಿಡೋವಂಥಾ ಮಾರಿ ಅಲ್ಲಪಾ ನಂದು.”

“ಮುಚ್ಚಿಡೂದು ಒಂದ್ ಕಲಾ ಅದ. ನಿನಗ ಬರಂಗಿಲ್ಲ.”

ಬರಲಿಲ್ಲ. ಆ ದಿನ ಗಾಡಿಯಿಂದಲೋ ಟ್ರಾಲಿಯಿಂದಲೋ ಬೀಳುವಾಗ ನಾನು ಕ್ಯಾಮೆರಾ ನೋಡಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಕಾಗೆ ಕೂಗಿತು ಎಂದಿದ್ದೇನೆ. ಯಾರೋ ಕರೆದರು ಎಂದಿದ್ದೇನೆ. ಒಂದು ಸಲ ‘ವಿಧಿ’ ಎಂದೂ ಹೇಳಿದ್ದೆ, ಆ ದಿನ ನನಗೆ ಜ್ವರವಿತ್ತು. ಮಾಸ್ಟರ್ ಮರಾಠಿಯಲ್ಲಿ ಬೈಯುತ್ತ ಓಡಿ ಬಂದರು. ಅಷ್ಟರಲ್ಲಿ ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೀಳುತ್ತಿರುವ ಮನುಷ್ಯ ಹಾಲಿನವನಿಗೆ ನಾಳೆ ಬಾ ಎನ್ನುವವನ ಹಾಗೆ ನೋಡಿದನಂತೆ. ಅವರು ಮುಂದಿನ ಚಿತ್ರದಲ್ಲಿ ನನಗೆ ಮಾತಿರುವ ಪಾತ್ರ ಕೊಟ್ಟರು. ನಾನು ನಗೆನಟನಾದದ್ದು ಹೀಗೆ ಎಂದು ಎಲ್ಲ ಕಡೆ ಅಚ್ಚಾಗಿದೆ.

ಮೊನ್ನೆ ಮೊನ್ನೆ ಆ ಚಿತ್ರ ಮಧ್ಯಾಹ್ನದ ಟಿ.ವಿ.ಯಲ್ಲಿ ಬಂತು. ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದು ಕೂರಿಸಿದೆ. ಆ ಜಾಗ ಬಂದಾಗ ಪರದೆಯ ಮೇಲೆ ಒಂದಿಷ್ಟು ಧೂಳು, ಒಂದು ಅಂಗಿ, ಆಮೇಲೆ ಡಬ್ಬಗಳು. ಮುಖವೇ ಇಲ್ಲ.

“ಎಲ್ಲಿದ್ದೀರಿ?” ಎಂದಳು.

“ಬೇರೆ ಟೇಕ್ ಹಾಕ್ಯಾರ ಕಾಣ್ತದ.”

“ಇರ್ಲಿ ಬಿಡ್ರಿ. ಪಲ್ಯ ಸೀದೀತು.” ಎದ್ದು ಹೋದಳು.

ಬೇರೆ ಟೇಕ್ ಇರಬಹುದು. ಅಥವಾ ನಾನು ಮುಖ ತೋರಿಸಿದ್ದು ಈ ಚಿತ್ರದಲ್ಲಲ್ಲ. ಅಥವಾ ನಿರ್ದೇಶಕರು ನಕ್ಕದ್ದು ಬೇರೆ ಯಾವುದಕ್ಕೋ. ಗೊತ್ತಿರುವವರಲ್ಲಿ ಮಾಸ್ಟರ್ ತೀರಿಹೋಗಿದ್ದಾರೆ, ನಿರ್ದೇಶಕರಿಗೆ ನೆನಪು ಹೋಗಿದೆ. ಗೆಳೆಯ ಮಾತ್ರ ಇದ್ದಾನೆ. ಅವನನ್ನು ಕೇಳಿದರೆ, “ಧೂಳ ಭಾಳ ಇತ್ತೋ ಯಪ್ಪಾ,” ಎನ್ನುತ್ತಾನೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಬೇಗ ನಡೆಯಲಿಲ್ಲ, ಮತ್ತೆ ಅಷ್ಟು ದೂರ ನಡೆಯಲು ನನಗೆ ಇಷ್ಟವಿಲ್ಲ. ಮರಾಠಿ ನಾಟಕಗಳಲ್ಲಿ ಮೆಟ್ಟಿಲಿನಿಂದ ಉರುಳುವ ಮಾವನಾದೆ. ಊರೂರಿನ ರಂಗಮಂದಿರಗಳಲ್ಲಿ ಅದೇ ಮೆಟ್ಟಿಲು, ಅದೇ ಉರುಳು, ಅದೇ ಸಾಲಿನಲ್ಲಿ ಕೂತಂತಿದ್ದ ಅದೇ ನಗು. ಸಿನಿಮಾದಲ್ಲಿ ಬಿದ್ದಾಗ ಡಬ್ಬಗಳಿದ್ದವು, ನಾಟಕದಲ್ಲಿ ಹಲಗೆ. ಸೊಂಟ ಹೋಯಿತು. ಬೀಳಲಾಗದ ನಗೆನಟನಿಗೆ ಏನು ಕೆಲಸ? ನಿರ್ದೇಶಕನಾದೆ. ಚಿಕ್ಕ ಚಿಕ್ಕ ಮರಾಠಿ ಹಾಸ್ಯ ಚಿತ್ರಗಳು. ಕೆಲವು ಥಿಯೇಟರಿಗೆ ಬರುತ್ತವೆ, ಹೆಚ್ಚಿನವು ಮೊಬೈಲಿಗೆ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ಬೇರೆಯವರು ಬೀಳುವುದನ್ನು ನೋಡುತ್ತೇನೆ. ನಗು ಬರುವುದಿಲ್ಲ. ನಗು ಬರುತ್ತದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತೇನೆ, ಅಷ್ಟೇ.

ಗೆಳೆಯ ಕೊನೆಯವರೆಗೂ ಡೂಪ್ ಆಗಿಯೇ ಉಳಿದ. ಅವನು ಕೆಲಸದಲ್ಲಿ ನನಗಿಂತ ಎಷ್ಟೋ ಮೇಲು, ಅದಕ್ಕೇ ಉಳಿದ. ಹೀಗೆ ಬರೆದರೆ ಬಹಳ ಅಚ್ಚುಕಟ್ಟಾಗಿ ಕಾಣುತ್ತದೆ, ನನಗೇ ಅನುಮಾನ ಬರುತ್ತದೆ. ಅವನಿಗೆ ಮಾತು ಹೇಳಲು ಬರುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಅವನು ಸಿನಿಮಾ ಬಿಟ್ಟು ಸಂಭಾಜಿನಗರದ ಅಂಗಡಿಯಲ್ಲಿ ಕೂತಾಗ ಮೊಣಕಾಲು ಮಡಚುತ್ತಿರಲಿಲ್ಲ. ಇನ್ನೊಮ್ಮೆ ಜಿಗಿದರೆ ಕೋಲಿಲ್ಲದೆ ನಡೆಯುವುದು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು.

ನಾನು ಅದೇ ಊರಿನಲ್ಲಿ ಒಂದು ಚಿತ್ರ ಶುರು ಮಾಡಿದೆ. ಪಕ್ಕದ ಮನೆಯ ಮದುವೆಗೆ ಕರೆಯದೇ ಇದ್ದುದಕ್ಕೆ ಸಿಟ್ಟಾದ ಒಬ್ಬ ಮುದುಕ ತನ್ನ ಮಾಳಿಗೆಯ ನೀರಿನ ಟಾಕಿಯ ಮೇಲೆ ಹತ್ತಿ ಊಟದ ಪಂಕ್ತಿಯನ್ನು ಇಣುಕುತ್ತ ಇಣುಕುತ್ತ ಮದುವೆಯ ಮಂಟಪದೊಳಗೇ ಬೀಳುತ್ತಾನೆ. ಊರ ಹಳೆಯ ಕೋಟೆಯ ದರ್ವಾಜೆಯೊಂದರ ಹಿಂದಿನ ಗಲ್ಲಿಯಲ್ಲಿ ಮನೆ ಗೊತ್ತುಮಾಡಿದ್ದೆವು. ಸುದ್ದಿ ತಿಳಿದು ಗೆಳೆಯ ಸ್ಕೂಟರ್ ಮೇಲೆ ಬಂದ. ಮಡಚದ ಕಾಲನ್ನು ಪಕ್ಕಕ್ಕೆ ಚಾಚಿಕೊಂಡೇ ಓಡಿಸುತ್ತಾನೆ. ಮಾಳಿಗೆಯನ್ನೂ ಅಂಗಳವನ್ನೂ ನೋಡಿದ.

“ಡೈರೆಕ್ಟರ್ ಸಾಹೇಬ್ರ, ಈ ಮುದುಕನ್ ಪಾತ್ರ ಯಾರ್ದು?”

“ಇನ್ನ ನೋಡ್ಲತೀನಿ.”

“ನೋಡೂದ್ ಬ್ಯಾಡ. ನಾ ಬಂದೀನಿ.”

“ನಿನಗ ಬೀಳೂದ್ ಬ್ಯಾಡಂದಾರ ಡಾಕ್ಟರ್.”

“ಮೊಣಕಾಲು ನಂದು, ಸಿನಿಮಾ ನಿಂದು. ಒಬ್ಬರದ್ರಾಗ ಒಬ್ಬರು ಯಾಕ ಕೈ ಹಾಕ್ಬೇಕು?”

ಆಮೇಲೆ ಟೀ ಕುಡಿಯುವಾಗ ಕಾರಣ ಹೇಳಿದ. ಅವನ ಮಗಳ ಮಗಳು ರಜೆಗೆ ಬಂದಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತೆಲ್ಲ ಮರಾಠಿ. ಟಿ.ವಿ.ಯಲ್ಲಿ ಅವನಿದ್ದ ಒಂದು ಚಿತ್ರ ಬರುತ್ತಿತ್ತು. “ಇಗಾ, ಈಗ ಬರ್ತಾನ್ ನೋಡು ನಿನ್ನ ಅಜ್ಜ,” ಎಂದು ಕೂರಿಸಿದ್ದಾನೆ. ಕುದುರೆಯ ಮೇಲಿಂದ ಅವನು ಬಿದ್ದ. “ಕುಠೆ ಆಜೋಬಾ?” ಎಂದಳಂತೆ. ಅಜ್ಜ ಎಲ್ಲಿ? ಮೊಬೈಲಿನಲ್ಲಿ ಅದೇ ಚಿತ್ರ ಹುಡುಕಿ, ಬೀಳುವ ಜಾಗದಲ್ಲಿ ನಿಲ್ಲಿಸಿ, ಬೆರಳಿಟ್ಟು ತೋರಿಸಿದ. ಅವಳು ಹತ್ತಿರ ಬಂದು ನೋಡಿ, ಇದು ಟೋಪಿ ಎಂದಳು.

“ಟೋಪಿ ಅಂದ್ಳೋ,” ಎಂದು ಅವನು ನಕ್ಕ. “ಖರೇನೂ ಅದ. ಟೋಪಿನೇ ಕಾಣ್ತದ. ಇಷ್ಟ್ ವರ್ಷ ಬಿದ್ದೀನಿ, ಒಂದ್ ಸಲ ಮಾರಿ ಬರ್ಲಿ. ನಗ್ಲಿ ಮಂದಿ. ಆದ್ರ ನನ್ನ ಮಾರಿ ನೋಡಿ ನಗ್ಲಿ.”

ನಾನು ಒಪ್ಪಿದೆ. ಯಾಕೆ ಎಂದು ಈಗ ಬರೆಯಲು ಹೊರಟರೆ ಒಳ್ಳೆಯ ಕಾರಣಗಳೇ ಬರುತ್ತವೆ, ಅವನ್ನು ನಂಬಬಾರದು. ಬೇರೆ ನಟನನ್ನು ಹುಡುಕುವ ದಣಿವು ಇತ್ತು ಎಂಬುದು ನಿಜಕ್ಕೆ ಹತ್ತಿರ.

ಅಲ್ಲಿ ದ್ರಾಕ್ಷಿ ಡಬ್ಬಗಳಿಲ್ಲ. ಕಾರ್ಖಾನೆಗಳಿಂದ ತಂದ ದಪ್ಪ ರಟ್ಟಿನ ಡಬ್ಬಗಳು, ಯಂತ್ರದ ಬಿಡಿಭಾಗ ತುಂಬುವಂಥವು. ಬೆಳಿಗ್ಗೆ ಗೆಳೆಯನೇ ಕೂತು ಒಂದೊಂದರ ಮೂಲೆ ಕತ್ತರಿಸಿದ. ಬೇರೆಯವರಿಗೆ ಮುಟ್ಟಗೊಡಲಿಲ್ಲ. ಮೇಲೆ ಹಾಸಿಗೆ, ಅದರ ಮೇಲೆ ಮಂಟಪದ ಬಟ್ಟೆ. ಹಣೆಗೆ ಮನೆಯಿಂದಲೇ ವಿಭೂತಿ ಹಚ್ಚಿಕೊಂಡು ಬಂದಿದ್ದ. ಮೇಕಪ್ಪಿನ ಹುಡುಗಿ ಅಳಿಸಲು ಬಂದರೆ, “ಇರ್ಲಿ ಬೇಟಾ, ಮುದುಕ ಲಿಂಗವಂತ ಇದ್ದಾನಂತ ತಿಳಕೋ,” ಎಂದ.

ಟಾಕಿಯ ಮೇಲೆ ಹತ್ತಿದ. ಇಣುಕಿದ. ಅದುವರೆಗೆ ಎಲ್ಲ ಚೆನ್ನಾಗಿತ್ತು, ಮುದುಕನ ಹಟ, ಹೊಟ್ಟೆಕಿಚ್ಚು, ಎಲ್ಲ ಆ ಕತ್ತಿನಲ್ಲಿತ್ತು. ಕಾಲು ಜಾರಿತು. ಬಿದ್ದ. ಅಷ್ಟು ಚೆಂದ ಬೀಳುವವರನ್ನು ನಾನು ಬೇರೆ ನೋಡಿಲ್ಲ. ಮಂಟಪದ ಬಟ್ಟೆ ಉಸಿರು ಬಿಟ್ಟ ಹಾಗೆ ಇಳಿಯಿತು. ಒಳಗಿನಿಂದ ಒಂದು ಕೈ ಮೇಲೆದ್ದಿತು. ಏನೂ ಆಗಿಲ್ಲ ಎಂಬ ಫೈಟರ್‌ಗಳ ಗುರುತು ಅದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕ್ಯಾಮೆರಾದವನು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ, “ಸರ್, ಕಾಕಾನ ಮುಖ ಇಲ್ಲ.”

ಇರಲಿಲ್ಲ. ಗದ್ದ ಭುಜದೊಳಗಿತ್ತು, ತೋಳು ಕಣ್ಣಿನ ಮಟ್ಟಕ್ಕೆ ಬಂದಿತ್ತು. ಮಾಸ್ಟರ್ ಬದುಕಿದ್ದರೆ ಟವೆಲ್ ಎತ್ತುತ್ತಿರಲಿಲ್ಲ.

ಗೆಳೆಯನಿಗೆ ಹೇಳಿದಾಗ ಅವನು ನಂಬಲಿಲ್ಲ. ಬಿದ್ದದ್ದನ್ನು ಅದೇ ದಿನ ಮಾನಿಟರಿನಲ್ಲಿ ನೋಡಬಾರದು ಎಂಬ ಪದ್ಧತಿ ಫೈಟರ್‌ಗಳಲ್ಲಿದೆ, ಅದಕ್ಕೇ ಅವನು ನೋಡಲೂ ಒಲ್ಲೆ ಎಂದ. “ನಾ ಈ ಕಡೀ ಹೊಳ್ಳಿದ್ದೆಲ್ಲೋ! ಪಕ್ಕಾ ಹೊಳ್ಳೀನಿ.” ಆಮೇಲೆ ನನ್ನ ಮುಖ ನೋಡಿದ. “ಮತ್ತೊಮ್ಮೆ ಮಾಡಮು.”

ಮತ್ತೊಮ್ಮೆ ಮಾಡಿದೆವು. ಮತ್ತೆ ಅಷ್ಟೇ ಚೆಂದ. ಮತ್ತೆ ಮುಖವಿಲ್ಲ. ಈ ಸಲ ಕೈ ಮೇಲೇಳುವುದು ತಡವಾಯಿತು.

ಮಧ್ಯಾಹ್ನ ಅವನ ಹೆಂಡತಿ ಬುತ್ತಿ ತಂದರು. ಗಂಡ ಡಬ್ಬಗಳ ರಾಶಿಯ ಮೇಲೆ ಕೂತು ಕತ್ತನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಹೊರಳಿಸಿ ರೂಢಿ ಮಾಡಿಕೊಳ್ಳುತ್ತಿದ್ದುದನ್ನು ನೋಡಿ ನಿಂತರು.

“ಇವರಿಗೇನ್ ಆಗ್ಯಾದ್ರಿ ಅಣ್ಣಾರ? ಕುತ್ತಿಗಿ ಹಿಡದದೇನು?”

ನಾನು ಹೇಳಿದೆ.

“ಅಯ್ಯ, ಅದು ಬರಂಗಿಲ್ರಿ ಇವರಿಗಿ. ಮನ್ಯಾಗ ಫೋಟೊ ತಗೀಲಾಕ ನಿಂತ್ರೂ ಆ ಕಡೀ ಹೊಳ್ತಾರ. ಮಗಳ ಲಗ್ನದ ಆಲ್ಬಮ್‌ನಾಗ ಇವರ ಕಿವಿ ಅವ, ಅಷ್ಟೇ.”

“ಕಿವಿ ಚಲೋ ಅವಲ್ಲ,” ಎಂದ ಗೆಳೆಯ.

“ನಗಬ್ಯಾಡ್ರಿ. ಮೊಣಕಾಲ್ ನೋಡ್ರಿ, ಹ್ಯಾಂಗ್ ಬಾತದ. ಅಣ್ಣಾರ, ನೀವರೆ ಹೇಳ್ರಿ, ಸಾಕು ಅಂತ.”

ನಾನು ಹೇಳಿದೆ. ಬೀಳುವುದು ಸಿಕ್ಕಿದೆ, ಈಗ ಕುರ್ಚಿಯಲ್ಲಿ ಕೂತು ಗಾಬರಿಯ ಮುಖ ಮಾಡು, ಅದನ್ನು ಹತ್ತಿರದಿಂದ ತೆಗೆದು ನಡುವೆ ಜೋಡಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನಾನೇ ಎಷ್ಟೋ ಸಲ ಮಾಡಿದ್ದೇನೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಅದು ಕುಂತವನ್ ಮಾರಿ ಆಗ್ತದ. ಬೀಳಾವ್ನದು ಅಲ್ಲ. ಕುರ್ಚಿ ಮ್ಯಾಲ್ ಕುಂತು ಬಿದ್ದಂಗ ಮಾಡ್ಲಾಕ ನಿನ್ನಂಥಾವ್ರು ಇದ್ದೀರಿ.”

ಅವನ ಹೆಂಡತಿ ಬುತ್ತಿಯ ಡಬ್ಬಿ ಮುಚ್ಚಿದರು. ಮನೆಗೆ ಹೋಗಲಿಲ್ಲ. ಮಂಟಪದ ಮದುವೆ ಊಟಕ್ಕೆ ಕೂತ ನಟರ ಸಾಲಿನಲ್ಲಿ, ಕೊನೆಗೆ, ಸೆರಗು ಹೊದ್ದು ಕೂತರು.

ಮುಂದಿನ ಟೇಕ್ ಮೂರನೆಯದೋ ನಾಲ್ಕನೆಯದೋ, ಕ್ಯಾಮೆರಾದವನು ಒಂದು ಹೇಳುತ್ತಾನೆ, ನಾನು ಒಂದು. ಬಿಸಿಲು ಇಳಿಯುವ ಮೊದಲು ಎಂಬುದು ಖಾತ್ರಿ, ನೆರಳು ಅಡ್ಡ ಬಂದಿಲ್ಲ. ಗೆಳೆಯ ಟಾಕಿಯ ಏಣಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ನಿಂತ. ಇಣುಕಿದ. ಕಾಲು ಜಾರಿತು. ಗದ್ದ ಭುಜದ ಕಡೆ ಹೊರಟಿತು, ನಾನು ಕಂಡೆ, ತನ್ನ ಗೂಡಿಗೆ ಹೊರಟ ಹಾಗೆ. ಅರ್ಧ ದಾರಿಯಲ್ಲಿ ನಿಂತಿತು. ಅವನು ಅದನ್ನು ಎಳೆದು ಈ ಕಡೆ ತಿರುಗಿಸಿದ. ಮುಖ ಬಂತು. ಪೂರ್ತಿ ಬಂತು, ಕಣ್ಣು, ಬಾಯಿ, ವಿಭೂತಿ.

ಅಂಗಳದಲ್ಲಿ ಯಾರೂ ನಗಲಿಲ್ಲ.

ಆ ಮುಖದಲ್ಲಿ ಏನಿತ್ತು ಎಂದು ಬರೆಯುವುದು ಕಷ್ಟ. ಹೆದರಿಕೆ ಎಂದರೆ ಸಾಲದು. ಕೆಳಗೆ ಏನಿದೆ ಎಂದು ಮರೆತವನ ಮುಖ. ಡಬ್ಬಗಳ ಮೂಲೆ ಕತ್ತರಿಸಿದ್ದು ತಾನೇ ಎಂಬುದು ಅದಕ್ಕೆ ತಿಳಿದಿರಲಿಲ್ಲ. ಮುಖ ತಿರುಗಿಸಿದ್ದರಿಂದ ಮೈಯೂ ತಿರುಗಿತು, ಒಳ್ಳೆಯ ಕಾಲಿನ ಬದಲು ಕೆಟ್ಟ ಕಾಲು ಮೊದಲು ತಾಗಿತು. ಕೈ ಮೇಲೇಳಲಿಲ್ಲ. ಅವನ ಹೆಂಡತಿ ಪಂಕ್ತಿಯಿಂದ ಎದ್ದು ಎಲೆಗಳನ್ನು ದಾಟಿ ಹೋಗಿ ಬಟ್ಟೆ ಸರಿಸಿದರು. ಒಳಗಿನಿಂದ ಅವನ ದನಿ ಕೇಳಿಸಿತು.

“ಮಾರಿ ಬಂತಾ?”

“ಬಂತು,” ಎಂದೆ.

“ಹಂಗಾರ ಬಸ್.”

ಅವನನ್ನು ಇಬ್ಬರು ಹಿಡಿದು ಎಬ್ಬಿಸಿದರು. ಆ ದಿನದಿಂದ ಕೋಲು.

ಸಂಕಲನಕಾರ ಆ ಚೂರನ್ನು ನೋಡಿ ತಲೆಯಾಡಿಸಿದ. ಕಾಮೆಡಿ ಸಾರ್ ಇದು, ಎಂದ. ಮೊದಲನೆಯದನ್ನು ಹಾಕೋಣ, ಮುಖವಿಲ್ಲದಿದ್ದರೂ ಜನ ನಗುತ್ತಾರೆ. ಅವನು ಹೇಳಿದ್ದು ಸರಿ. ಮುಖವಿಲ್ಲದ ಬೀಳುವಿಕೆಗೆ ನಗು ಬರುತ್ತದೆ, ಅದು ಯಾರದ್ದೂ ಅಲ್ಲ. ಮುಖವಿಟ್ಟರೆ ಚಿತ್ರದ ದೊಡ್ಡ ನಗು ಸಾಯುತ್ತದೆ. ಮುಖ ತೆಗೆದರೆ ಅವನು ಮೊಣಕಾಲು ಕೊಟ್ಟು ತಂದದ್ದು ನೆಲದ ಮೇಲೆ ಬೀಳುತ್ತದೆ. ಹಲವು ದಿನ ನಾನು ಎರಡನ್ನೂ ಮಾಡಿ ನೋಡಿದೆ. ತೆಗೆಯುವುದು, ಇಡುವುದು. ದಣಿದೆ. ಕೊನೆಗೆ ಇಟ್ಟೆ. ಗೆಳೆತನಕ್ಕಾಗಿ ಎಂದು ಅವನ ಹೆಂಡತಿ ತಿಳಿದಿದ್ದಾರೆ. ಇರಬಹುದು. ನಾನು ತೆಗೆದ ಚಿತ್ರಗಳಲ್ಲೆಲ್ಲ ಸುಳ್ಳಲ್ಲದ್ದು ಅದೊಂದೇ ಚೂರು ಅನ್ನಿಸಿದ್ದೂ ಇರಬಹುದು. ಅನ್ನಿಸಿದ್ದು ಆಗಲೋ ಈಗಲೋ, ಅದೂ ಸ್ಪಷ್ಟವಿಲ್ಲ.

ಸಂಭಾಜಿನಗರದ ಥಿಯೇಟರಿಗೆ ಅವನ ಮನೆಯವರೆಲ್ಲ ಬಂದಿದ್ದರು. ಮಧ್ಯಾಹ್ನದ ಆಟ, ಅರ್ಧ ಹಾಲ್. ಮೊಮ್ಮಗಳು ಅವನ ಪಕ್ಕದಲ್ಲಿ, ನಾನು ಹಿಂದಿನ ಸಾಲಿನಲ್ಲಿ. ಟಾಕಿ ಹತ್ತುವ ತನಕ ಜನ ನಕ್ಕರು. ಮುದುಕ ಜಾರಿದ. ಮುಖ ಬಂತು. ಹಾಲ್ ಸುಮ್ಮನಾಯಿತು, ಯಾರೋ ಕೆಮ್ಮಿದರು. ಮೊಮ್ಮಗಳು “ಆಜೋಬಾ” ಎಂದಳು. ಗುರುತು ಸಿಕ್ಕಿತ್ತು. ಆಮೇಲೆ ದೊಡ್ಡ ದನಿಯಲ್ಲಿ ಅಳತೊಡಗಿದಳು. ಪಕ್ಕದಲ್ಲೇ ಕೂತಿದ್ದವನನ್ನು ತೋರಿಸಿ ‘ಇಲ್ಲಿದ್ದಾನಲ್ಲ ಅಜ್ಜ’ ಎಂದರೂ ನಿಲ್ಲಿಸಲಿಲ್ಲ. ಅವನು ಕೋಲು ಊರಿಕೊಂಡು ಅವಳನ್ನು ಹೊರಗೆ ಕರೆದುಕೊಂಡು ಹೋದ. ನಾನೂ ಹೋದೆ. ಒಳಗೆ ಮುಂದಿನ ದೃಶ್ಯಕ್ಕೆ ಜನ ಮತ್ತೆ ನಗುವುದು ಕೇಳಿಸುತ್ತಿತ್ತು.

ಅವಳಿಗೆ ಐಸ್‌ಕ್ರೀಮ್ ಕೊಡಿಸಿ ಮೆಟ್ಟಿಲ ಮೇಲೆ ಕೂತೆವು. ಅವಳು ತಿನ್ನುತ್ತ ಅಜ್ಜನ ಮುಖವನ್ನೇ ನೋಡುತ್ತಿದ್ದಳು, ಏನೋ ತಾಳೆ ನೋಡುವ ಹಾಗೆ.

ನಾನು ಕೇಳಿದೆ, “ಖರೇ ಹೇಳು. ಅಂಜಿದ್ದಿ ಏನು? ಇಲ್ಲಾ ಅಂಜಿದಂಗ ಮಾಡಿದಿ?”

“ಮಾರಿ ಬೇಕು ಅಂದಿದ್ದೆ, ಬಂತು,” ಎಂದ. “ಅದರಾಗ ಏನ್ ಇರ್ಬೇಕು ಅಂತ ನೀನೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.”

“ನಾ ಈಗ ಕೇಳ್ಲತೀನಿ.”

“ಡೈರೆಕ್ಟರ್ ಸಾಹೇಬ್ರ,” ಎಂದ, ಮೊಮ್ಮಗಳ ಗದ್ದ ಒರೆಸುತ್ತ, “ಆಟ ನಡೆದದ ಒಳಗ. ಹೋಗಿ ನೋಡ್ರಿ, ಮಂದಿ ನಗ್ಲತಾರೋ ಇಲ್ಲೋ.”

ಆಮೇಲೆ ನಾವು ಎಷ್ಟೋ ಸಲ ಸಿಕ್ಕಿದ್ದೇವೆ. ನಾನು ಮತ್ತೆ ಕೇಳಿಲ್ಲ, ಅವನು ಹೇಳಿಲ್ಲ. ಆ ಚೂರನ್ನು ನಿಧಾನ ಮಾಡಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದ್ದೇನೆ. ಬೀಳುವ ಕೆಲಸ ನನಗೆ ಗೊತ್ತು, ನಟನೆಯೂ ಗೊತ್ತು. ಆದರೂ ಅದು ನಿಜದ ಅಂಜಿಕೆಯೋ ಮಾಡಿದ್ದೋ ಹೇಳಲಾರೆ. ಅವನು ಬೇಕೆಂದು ಕೇಳಿದ್ದು ಅವನಿಗೆ ಸಿಕ್ಕಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.